ಉಗುರಿಗೆ ಒಗ್ಗಿದ ಚಾಕು

ಈರುಳ್ಳಿಯ ಘಾಟು ಮೂಗಿಗೆ ಬಡಿದರೆ ಇಂದಿಗೂ ಅದೇ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ಆಸ್ಪತ್ರೆ ಸೇರಿ ತೀರಿಕೊಳ್ಳುವ ಮುನ್ನ, ಎಂದಿನಂತಿದ್ದ ಕೊನೆಯ ದಿನ ಅದು. ಹೊಲದಲ್ಲಿ ಅವಳ ಪಕ್ಕ ಕೂತು, ಕಿತ್ತ ಈರುಳ್ಳಿಯ ಒಣಗಿದ ಸೊಪ್ಪಿನ ಬಾಲ ಕೊಯ್ಯಬೇಕೆಂದು ನಾನು ಹಠ ಹಿಡಿದಿದ್ದೆ. ಚಾಕು ಕೊಡಿಸಲು ಗುಂಡ್ಲುಪೇಟೆಗೆ ಕರೆದೊಯ್ದಿದ್ದಳು.

ಅಂಗಡಿಯಲ್ಲಿ ಕೆಂಪು ಹಿಡಿಯ ಮಡಚುವ ಚಾಕು ಎತ್ತಿಕೊಂಡೆ. ಉಗುರಿನಿಂದ ಎಷ್ಟು ಎಳೆದರೂ ಅಲಗು ಏಳಲಿಲ್ಲ.

"ಬಣ್ಣ ನೋಡ್ಬ್ಯಾಡ ಕಣಮ್ಮಿ, ನಿನ್ ಉಗುರ್ಗೆ ಬರ್ಬೇಕು," ಎಂದಳು ಅವ್ವ.

"ನೀವೇ ಬಿಚ್ಚಿಕೊಟ್ರಾಯ್ತಲ್ಲಮ್ಮ," ಎಂದರು ಅಂಗಡಿಯ ಸಾಬರು.

"ಇವ್ಳ ಅತ್ತೆಮನೆಗೂ ನಾನೇ ಓಗ್ಬೇಕಾ ಸಾಬ್ರೇ?"

ಮರದ ಹಿಡಿಯ ಇನ್ನೊಂದು ಚಾಕು, ನಾನು ಉಗುರು ತಾಗಿಸಿದೊಡನೆ ಟಕ್ಕೆಂದು ತೆರೆಯಿತು. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅವ್ವ ಅದನ್ನು ಮಡಚಿ ಹಲಗೆಯ ಮೇಲಿಟ್ಟಳು, ನಾನು ಎತ್ತಿಕೊಂಡೆ.

"ನಾಳಿದ್ದು ಇಬ್ರೂ ಕೂರನ," ಎಂದಳು.

ಆಮೇಲೆ ಎಷ್ಟೋ ಬೆಳೆಯ ಈರುಳ್ಳಿ ಕೊಯ್ದಿದ್ದೇನೆ. ಅವಳ ಪಕ್ಕ ಕೂತು ಕೊಯ್ಯುವುದೊಂದು ಆಗಲಿಲ್ಲ.