ಶಾಲೆ ಪಕ್ಕದ ಸಾಲು

"ನಿಲ್ಲಿ," ಎಂದ ಮೇಲ್ವಿಚಾರಕ.

ಎಡಕ್ಕೆ ವಾಲಿ ಮೊಣಕಾಲೂರಿದ್ದವಳ ಸಲಾಕೆ ಅರ್ಧ ಬೆರಳಷ್ಟು ಮಣ್ಣಿಗಿಳಿದಿತ್ತು. ಅಲ್ಲಿಗೇ ನಿಂತಿತು.

ಕೆಂಪು ಗೂಟಗಳ ಆಚೆ ಅವನು ಕುಕ್ಕರಗಾಲಿನಲ್ಲಿ ಕೂತ. "ಐದು ವಾರದಲ್ಲಿ ನೀವೊಬ್ಬರೇ ಹತ್ತೊಂಬತ್ತು ಬಾಂಬು ತೆಗೆದಿದ್ದೀರಿ. ಉಳಿದ ಎಂಟು ಜನ ಸೇರಿ ಆರು. ಹೇಗಮ್ಮ ಇದು?"

"ಅದೃಷ್ಟ, ಸರ್."

"ನಿಮ್ಮ ಅದೃಷ್ಟ ಎಂಥದ್ದು ಅಂತ ಊರಿಗೇ ಗೊತ್ತು."

ಗೊತ್ತಿತ್ತು. ಅವಳ ಗಂಡ ಯುದ್ಧದ ಕೊನೆಯ ತಿಂಗಳು ಗಡಿಯಿಂದ ಊರ ಕಾವಲಿಗೆ ಬಂದು, ಕೊನೆಯ ವಾರ ಸತ್ತಿದ್ದ. ಊರು ಕಾಯುತ್ತ ಪ್ರಾಣ ಬಿಟ್ಟ ಸೈನಿಕನೆಂದು ಶಾಲೆಯ ಗೋಡೆಗೆ ಅವನ ಫೋಟೊ ಹಾಕಿದ್ದರು. ಮಗನಿಗೆ ಎಂಟು, ಮಗಳಿಗೆ ಮೂರು. ನೆಲಬಾಂಬು ತೆಗೆಯಲು ಹೆಂಗಸರು ಬೇಕೆಂದಾಗ ಮೊದಲು ಬಂದವಳು ಅವಳು. ಶಾಲೆ ಪಕ್ಕದ ಬಯಲನ್ನು ತನಗೇ ಕೊಡಿ ಎಂದು ಹಟ ಹಿಡಿದವಳೂ ಅವಳೇ. ಮುಂದಿನ ತಿಂಗಳು ಶಾಲೆ ತೆರೆಯುತ್ತದೆ. ಮಕ್ಕಳ ಕಾಲುದಾರಿ ಹಾಯುವುದು ಅಲ್ಲಿಯೇ.

"ಪ್ಲಾಸ್ಟಿಕ್ಕಿನ ಬಾಂಬುಗಳು. ಲೋಹ ಹುಡುಕೋ ಯಂತ್ರ ಕೂಗಲ್ಲ. ಶತ್ರು ಹೂತಿಟ್ಟು ಹೋದ, ನಕ್ಷೆ ಬಿಟ್ಟು ಹೋಗಲಿಲ್ಲ." ಅವನು ದನಿ ತಗ್ಗಿಸಿದ. "ಅಥವಾ ಯಾರ ಕೈಯಲ್ಲಾದರೂ ಕೊಟ್ಟು ಹೋದನೋ?"

"ನಕ್ಷೆ ಇಟ್ಕೊಂಡು ಹೀಗೆ ಅಂಗುಲ ಅಂಗುಲ ತೆವಳೋಕೆ ನನಗೇನು ಹುಚ್ಚೇ?"

"ನಾಳೆ ರಜೆ. ನಿಮ್ಮ ಮನೆಗೆ ಬರ್ತೀನಿ, ಹುಡುಕ್ತೀನಿ. ಸಿಕ್ಕರೆ ಶತ್ರುವಿನ ಸಂಬಂಧ ಅಂತಲೇ ಬರೀಬೇಕಾಗುತ್ತೆ. ಕೆಲಸ ಹೋಗೋದಷ್ಟೇ ಅಲ್ಲ, ಆ ಫೋಟೊನೂ ಗೋಡೆ ಮೇಲೆ ಉಳಿಯಲ್ಲ."

ಅಂದಿನ ಮಟ್ಟಿಗೆ ಅವಳ ಕೆಲಸ ನಿಲ್ಲಿಸಿದ.

ಚಹಾದ ಹೊತ್ತಿಗೆ ಅಡುಗೆಯವಳು ಲೋಟ ಹಂಚುತ್ತ ಬಂದಳು. ಅವಳ ಮಗಳು ಹೋದ ವರ್ಷ ಮೇಕೆಯ ಹಿಂದೆ ಇದೇ ಬಯಲಿಗೆ ಓಡಿಬಂದು ಒಂದು ಕಾಲು ಕಳಕೊಂಡಿದ್ದಳು.

"ಇದನ್ನ ಹೂತವನ ಕೈಗೆ ಹುಳ ಬೀಳ," ಎಂದಳು ಅಡುಗೆಯವಳು, ದಿನವೂ ಹೇಳುವ ಹಾಗೆ.

"ಬೀಳಲಿ," ಎಂದರು ಎಂಟು ಹೆಂಗಸರು.

"ನೀನ್ಯಾಕೆ ಸುಮ್ಮನಿದ್ದೀಯೇ? ಗಂಡನ್ನ ತಿಂದವರಿಗೆ ಶಾಪ ಹಾಕೋಕೂ ಜಿಪುಣತನವೇ?"

"ಚಹಾ ಬಿಸಿ ಇದೆ, ಅಕ್ಕ. ನಾಲಿಗೆ ಸುಟ್ಟಿತು."

ಸಂಜೆ ಮನೆಯ ಮೆಟ್ಟಿಲು ಹತ್ತುವ ಮೊದಲೇ ಮಗ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದ. ಹೊಸ ಪಾತಿ. ಹುರುಳಿಕಾಯಿ ಬೀಜ ಹಾಕಿ, ಒಂದೊಂದರ ಪಕ್ಕಕ್ಕೂ ಕಡ್ಡಿ ಸಿಗಿಸಿದ್ದ. ಪುಟ್ಟ ತಂಗಿ ಹಿಂದಿನಿಂದ ಮಣ್ಣು ತಟ್ಟಿಕೊಂಡು ಬರುತ್ತಿದ್ದಳು.

"ಅಪ್ಪ ಹೇಳಿಕೊಟ್ಟ ಹಾಗೇ ನೆಟ್ಟಿದ್ದೀನಿ. ನಾಲ್ಕು ನೇರ, ಐದನೇದು ಒಂದು ಗೇಣು ಎಡಕ್ಕೆ. ಕಳೆ ಕೀಳೋರಿಗೆ ಕಾಲಿಡೋಕೆ ಜಾಗ ಬೇಕಲ್ವಾ ಅಮ್ಮ?"

ಅವಳು ಪಾತಿಯನ್ನೇ ನೋಡುತ್ತ ನಿಂತಳು. ಬೇಲಿಯಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. ಆಮೇಲೆ ಗುದ್ದಲಿ ತಂದಳು.

ಮಗ ಅತ್ತ. ಮಗಳು ಅಣ್ಣ ಅಳುತ್ತಾನೆಂದು ಅತ್ತಳು. ಗುದ್ದಲಿ ನಿಲ್ಲಲಿಲ್ಲ.

ಗಲಾಟೆ ಕೇಳಿ ಅತ್ತೆ ಹಿತ್ತಿಲ ಬಾಗಿಲಿಗೆ ಬಂದಳು. "ಮಗು ನೆಟ್ಟದ್ದನ್ನ ಅಗೆದು ಹಾಕ್ತೀಯಲ್ಲೇ, ನಿನ್ನ ಎದೆಯೇನು ಕಲ್ಲೇ? ಅದರಡಿ ಏನು ಬಚ್ಚಿಟ್ಟಿದ್ದೀಯ?"

"ಏನೂ ಇಲ್ಲ, ಅತ್ತೆ."

ಬೀಜಗಳನ್ನೆಲ್ಲ ಹೆಕ್ಕಿ, ದಾರ ಕಟ್ಟಿ, ಎಲ್ಲವನ್ನೂ ಒಂದೇ ನೇರಕ್ಕೆ ಹೊಸದಾಗಿ ನೆಟ್ಟಳು. ಮಣ್ಣನ್ನು ಅಂಗೈಯಲ್ಲಿ ಸವರಿ ಸಮ ಮಾಡಿದಳು. ಊಟಕ್ಕೆ ಕೂತಾಗ ಮಗ ಅವಳ ಪಕ್ಕಕ್ಕೆ ಬರಲಿಲ್ಲ.

ಮರುದಿನ ಮೇಲ್ವಿಚಾರಕ ಹೇಳಿದ ಹಾಗೇ ಬಂದ. ಟ್ರಂಕು ಖಾಲಿ ಮಾಡಿದ. ಸಮವಸ್ತ್ರದ ಜೇಬುಗಳನ್ನು ಹೊರಗೆಳೆದ. ಗಂಡ ಗಡಿಯಿಂದ ಬರೆದ ಕಾಗದಗಳನ್ನು ಒಂದೊಂದಾಗಿ ಓದಿದ. ಮಕ್ಕಳು ಚೆನ್ನಾಗಿವೆಯೇ, ಅಮ್ಮನ ಕೆಮ್ಮು ಹೇಗಿದೆ, ಇಲ್ಲಿ ಮಣ್ಣು ಅಗೆಯುವುದೇ ಕೆಲಸ. ಅಷ್ಟೇ.

ಹಿತ್ತಿಲಿಗೆ ಬಂದವನು ಹಸಿ ಮಣ್ಣು ಕಂಡು ನಿಂತ. "ಯಾವಾಗ ಅಗೆದದ್ದು?"

"ನಿನ್ನೆ."

ಅವನು ಕೈಚೀಲದಿಂದ ಸಲಾಕೆ ತೆಗೆದ. ಪಾತಿಯ ಈ ತುದಿಯಿಂದ ಆ ತುದಿಯವರೆಗೆ ಒಂದಂಗುಲ ಬಿಡದೆ ಚುಚ್ಚಿದ. ಅವಳು ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಚೆನ್ನಾಗಿ ಹುಡುಕಪ್ಪ," ಎಂದಳು ಅತ್ತೆ. "ಕಾಯಿ ಸಿಕ್ಕರೆ ನಮಗೂ ನಾಲ್ಕು ಕೊಡು."

ಬೀಜಗಳ ಹೊರತು ಏನೂ ಸಿಗಲಿಲ್ಲ. ಅವನು ಎದ್ದು ಕೈ ಒರೆಸಿಕೊಂಡ. ಮುಖ ಸಣ್ಣದಾಗಿತ್ತು. "ತಪ್ಪು ತಿಳೀಬೇಡಿ. ನಿಮ್ಮ ಯಜಮಾನರಂಥವರ ಹೆಸರಿಗೆ ಮಸಿ ಬಳಿಯೋ ಉದ್ದೇಶ ನನಗೂ ಇರಲಿಲ್ಲ. ನಾಳೆಯಿಂದ ನಿಮ್ಮ ಸಾಲಿಗೆ ಬನ್ನಿ."

ಹೋಗುವಾಗ ಮಗನ ತಲೆ ಸವರಿದ. "ನಿಮ್ಮಪ್ಪನ ಹಾಗೇ ಆಗಬೇಕು, ಮರಿ."

ಅವಳು ಮಗನನ್ನು ತನ್ನ ಕಡೆಗೆ ಎಳೆದುಕೊಂಡಳು. ತುಸು ಜೋರಾಗಿಯೇ.

ಮರುದಿನ ಬೆಳಿಗ್ಗೆ ಹೆಲ್ಮೆಟ್ಟಿನ ಗಾಜು ಇಳಿಸಿ ಅದೇ ಜಾಗದಲ್ಲಿ ಮೊಣಕಾಲೂರಿದಳು. ಹಿಂದೆ, ಬಾಂಬು ತೆಗೆದ ನಾಲ್ಕು ಗುಂಡಿಗಳು ನೂಲು ಹಿಡಿದಂತೆ ನೇರವಾಗಿದ್ದವು. ಶಾಲೆಯ ಗೋಡೆ ಈಗ ಬಹಳ ಹತ್ತಿರದಲ್ಲಿತ್ತು.

ಐದನೆಯದಕ್ಕೆ ಅವಳು ಒಂದು ಗೇಣು ಎಡಕ್ಕೆ ಸಲಾಕೆ ಇಳಿಸಿದಳು. ಗಂಡ ಅದನ್ನು ಅಲ್ಲಿಯೇ ಹೂತಿದ್ದ.