ಕುಟ್ಟಿ ನೋಡಿದ ಮರ

"ಅವ್ವಾ, ಮರಾ ಬಿಡು. ಎಲ್ಲಾರೂ ನೋಡಾಕತ್ತಾರ," ಎಂದು ಅನಿರುದ್ಧ ಹಲ್ಲು ಕಚ್ಚಿ ಪಿಸುಗುಟ್ಟಿದ. ಇಂದುಮತಿ ಬಿಡಲಿಲ್ಲ. ತನಗಿಂತ ಗೇಣುದ್ದ ಎತ್ತರವಿದ್ದ ಕ್ರಿಸ್‌ಮಸ್ ಮರದ ಕಾಂಡವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ಮರ ಮಾರುವವನು ಮೂರನೆಯ ಸಲ ನಕ್ಕು, "ಫ್ರೆಶ್, ಮ್ಯಾಮ್, ವೆರಿ ಫ್ರೆಶ್," ಎಂದ.

"ಅವ ಹೇಳಿದ ಮ್ಯಾಲೆ ಮುಗೀತವ್ವಾ. ಟೆಕ್ಸಸ್‌ನ್ಯಾಗ ಹಿಂಗೆಲ್ಲಾ ಮಾಡಂಗಿಲ್ಲ."

"ಯಾಕ ಮಾಡಂಗಿಲ್ಲ? ಧಾರವಾಡದಾಗ ಮೆಂತೆಪಲ್ಲೆದ ಒಂದು ಸೂಡನೂ ಜಾಡಿಸಿ ನೋಡಲಾರದ ತಗೊಂಡಾಕಿ ಅಲ್ಲ ನಾನು. ನಾಲ್ಕ ದಿನಕ್ಕ ಇದು ಬೋಳಾದ್ರ ನಿನ್ನ ಮಗಳಿಗೆ ಏನ್ ಹೇಳ್ತಿ?" ಎಂದವಳೇ ಮರವನ್ನು ಎತ್ತಿ ಬುಡವನ್ನು ನೆಲಕ್ಕೆ ದಬ್ಬೆಂದು ಕುಟ್ಟಿದಳು. ಅವಳ ಸೀರೆಯ ನೆರಿಗೆ, ಸ್ನೀಕರ್ಸ್, ಮಗನ ಬೂಟು ಎಲ್ಲದರ ಮೇಲೂ ಸೂಜಿಯಂಥ ಕಂದು ಎಲೆಗಳು ಸುರಿದವು.

ಮಾರುವವನ ನಗು ಮಾಯವಾಯಿತು. ಹಿಂದಿನ ಸಾಲಿನಿಂದ ಇನ್ನೊಂದು ಮರ ತಂದು ನಿಲ್ಲಿಸಿದ. ಇಂದುಮತಿ ಅದನ್ನು ಮುಟ್ಟಲಿಲ್ಲ; ನೆಲದ ಕಡೆ ಬೆರಳು ತೋರಿಸಿ, "ಕುಟ್ಟು," ಎಂದಳು. ಅವನು ಕುಟ್ಟಿದ. ಎರಡೇ ಎರಡು ಎಲೆ ಉದುರಿದವು.

"ಈಗ ಬುಡಾ ಒಂದೀಟ ಕೊಯ್ದು ಕೊಡು. ನೀರು ಕುಡೀಬೇಕದು," ಎಂದು ಬೆರಳಿನಿಂದ ಅಡ್ಡಗೆರೆ ಎಳೆದು ತೋರಿಸಿದಳು. ಅವನು ಗರಗಸ ಎತ್ತಿಕೊಂಡ. ಅನಿರುದ್ಧ ತಲೆ ತಗ್ಗಿಸಿದ.

ಅಷ್ಟರಲ್ಲಿ ಅವರ ಹಿಂದೆ ದಬ್ಬೆಂದು ಸದ್ದಾಯಿತು. ಸರದಿಯಲ್ಲಿದ್ದ ಟೋಪಿಯ ದಢೂತಿ ಆಸಾಮಿ, ಹೆಗಲ ಮೇಲಿದ್ದ ಮರವನ್ನು ಇಳಿಸಿ ನೆಲಕ್ಕೆ ಕುಟ್ಟುತ್ತಿದ್ದ. ಅವನ ಹಿಂದೆ ನಿಂತವಳೂ ತನ್ನದನ್ನು ಎತ್ತಿದಳು.