ಮೀಸೆ ಸೋಲುವ ಕೋರ್ಟು

"ಮೀಸೆ ತೆಗೆಸ್ಬಿಡಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

ಮೇಲ್ಮನವಿ ಕೋರ್ಟಿನ ಮೆಟ್ಟಿಲ ಮೇಲೆ ಕಾರ್ಖಾನೆಯ ಆಪರೇಟರೊಬ್ಬನ ಹೆಂಡತಿ ತಮ್ಮ ವಕೀಲರಿಗೆ ಅಡ್ಡ ನಿಂತಿದ್ದಳು. ಕೋರ್ಟಿನ ಕ್ಯಾಂಟೀನಿನಲ್ಲಿ ಎಲ್ಲರೂ ಆಡಿಕೊಳ್ಳುವ ಮಾತೊಂದು ಅವಳಿಗೆ ಗೊತ್ತಾಗಿತ್ತು. ಈ ಜಡ್ಜ್ ಸಾಹೇಬರ ಮುಂದೆ ಮೀಸೆಯ ವಕೀಲರು ಗೆದ್ದದ್ದೇ ಇಲ್ಲವಂತೆ.

ವಕೀಲರು ಮೀಸೆ ತೀಡಿದರು. ಅದು ಮೇಲ್ತುಟಿ ದಾಟಿ ಕೆಳತುಟಿಗೂ ಸೂರು ಹೊದೆಸಿದ್ದ ಮೀಸೆ. ಅವರು ಕುಡಿಯುವ ಕಾಫಿಗೆ ಬೇರೆ ಜರಡಿ ಬೇಕಿರಲಿಲ್ಲ.

"ನನ್ನ ಮದುವೆಗೇ ತೆಗೆಸ್ಲಿಲ್ಲ, ನಿನ್ನ ಕೇಸಿಗೆ ತೆಗೆಸ್ತೀನಾ? ಕೇಸು ಗೆಲ್ಲೋದು ಕಾನೂನಿಂದ ಕಣಮ್ಮ, ಕ್ಷೌರದಿಂದ ಅಲ್ಲ."

"ಕಂಪನಿ ವಕೀಲ್ರು ನುಣ್ಣಗೆ ಬೋಳಿಸ್ಕೊಂಡು ಬಂದಿದಾರಲ್ಲ ಸಾರ್!"

"ಅವನಿಗೆ ಮೀಸೆ ಬರೋದೇ ಇಲ್ಲ, ಪಾಪ."

ಕೇಸು ಇಷ್ಟೇ. ತಗಡು ಬಡಿಯುವ ಯಂತ್ರದ ಮುಂದೆ ಅರ್ಧ ಆಯುಷ್ಯ ನಿಂತು ಆಪರೇಟರನ ಎರಡೂ ಕಿವಿ ಹೋಗಿದ್ದವು. ಹೋದದ್ದನ್ನು ಯಾರಿಗೂ ಹೇಳದೆ ಅವನು ಎರಡು ವರ್ಷ ದುಡಿದ. ಒಂದು ತಗಡೂ ಹಾಳಾಗಲಿಲ್ಲ, ಒಬ್ಬರ ಬೆರಳೂ ತುಂಡಾಗಲಿಲ್ಲ. ಗುಟ್ಟು ರಟ್ಟಾದ ದಿನವೇ ಕಂಪನಿ ಅವನನ್ನು ಕತ್ತು ಹಿಡಿದು ಹೊರದಬ್ಬಿತು. ಕಿವಿ ತಿಂದವರು ಅನ್ನವನ್ನೂ ಕಿತ್ತುಕೊಂಡರು. ಕೆಳಗಿನ ಕೋರ್ಟು ಸರಿ, ಸರಿ ಎಂದು ತಲೆಯಾಡಿಸಿತು. ಕೆಲಸ ವಾಪಸು ಕೊಡಿಸಲು ಉಳಿದದ್ದು ಇದೊಂದೇ ಬಾಗಿಲು.

ಆ ಬಾಗಿಲೊಳಗೆ ಕೂತವರು ಸಾಮಾನ್ಯರಲ್ಲ. ಕೆಳಗಿನವರ ತಪ್ಪು ತಿದ್ದುವುದೇ ಜಡ್ಜ್ ಸಾಹೇಬರ ವೃತ್ತಿ. ಅವರ ತಪ್ಪು ತಿದ್ದಲು ಮೇಲೆ ಸೂರು ಬಿಟ್ಟರೆ ಏನೂ ಇರಲಿಲ್ಲ. ವಕೀಲರ ಮಾತಿಗೆ ಎಂದೂ ಅಡ್ಡ ಬಾಯಿ ಹಾಕಿದವರಲ್ಲ, ಮಾತಾಡುವವರ ಮುಖದಿಂದ ಕಣ್ಣು ಕಿತ್ತವರಲ್ಲ. ಕಳೆದ ವರ್ಷ ಬೆಂಕಿಯ ಸೈರನ್ ಬಡಿದುಕೊಂಡಾಗ ವಕೀಲರು, ಪೊಲೀಸರು, ಕೊನೆಗೆ ಕೈದಿಯೂ ಎದ್ದುಬಿದ್ದು ಓಡಿದ್ದರು. ಸಾಹೇಬರೊಬ್ಬರೇ ತಲೆ ಎತ್ತದೆ ತೀರ್ಪು ಬರೆಯುತ್ತಿದ್ದರು. 'ಬೆಂಕಿಗೂ ಬೆದರದ ನ್ಯಾಯ' ಎಂದು ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು.

ವಿಚಾರಣೆ ಶುರುವಾಯಿತು. ಕಂಪನಿಯ ವಕೀಲ ಒಂದೊಂದೇ ಮಾತನ್ನು ಬಿಡಿಸಿ ಇಟ್ಟ. ಪ್ರತಿ ಮಾತಿಗೂ ಸಾಹೇಬರ ತಲೆ ಆಡಿತು, ಪೆನ್ನು ಓಡಿತು.

ಆಮೇಲೆ ಮೀಸೆಯ ವಕೀಲರು ಎದ್ದರು. ಗೋಡೆ ನಡುಗುವಂತೆ ವಾದಿಸಿದರು. ಸಾಹೇಬರು ಹುಬ್ಬು ಗಂಟಿಕ್ಕಿದರು, ಕಣ್ಣು ಕಿರಿದು ಮಾಡಿದರು, ಮುಂದೆ ಬಾಗಿದರು. ಕೊನೆಗೆ ಬೇಸತ್ತು ಪೆನ್ನು ಕೆಳಗಿಟ್ಟರು.

ಹಿಂದಿನ ಬೆಂಚಿನಲ್ಲಿ ಹೆಂಡತಿಯ ರಕ್ತ ಕುದಿಯಿತು. ಮಾತಾಡಕೂಡದು ಎಂದು ಕಾವಲುಗಾರ ಮೊದಲೇ ಗದರಿದ್ದ. ಅವಳಿಗೇನು? ಗಂಡ ತುಟಿ ಓದುತ್ತಿದ್ದ. ಮನೆಯಲ್ಲಿ ಜಗಳವನ್ನೂ ಅವರು ದನಿ ತೆಗೆಯದೆ ಆಡುತ್ತಿದ್ದರು. ಪಕ್ಕದ ಮನೆಯವರಿಗೆ ಅದೇ ಕೊರಗು.

"ಈ ಮುದುಕ ಸರಿಯಾಗಿ ತಿಂದಿದಾನೆ ರೀ," ಎಂದು ತುಟಿಯಾಡಿಸಿದಳು.

"ಸುಮ್ನಿರೇ ಮಾರಾಯ್ತಿ," ಎಂದಿತು ಗಂಡನ ತುಟಿ.

"ಹಿಂದಿನ ಬೆಂಚಿನಲ್ಲಿ ಹರಟೆ ಬೇಡ!" ಸಾಹೇಬರು ಗುಡುಗಿದರು.

ಕಾವಲುಗಾರ ಹರಟೆಯವರನ್ನು ಹುಡುಕಿ ಸುಸ್ತಾದ. ಇಡೀ ಕೋರ್ಟಿನಲ್ಲಿ ಈ ಜಡ್ಜನ ಕಣ್ಣು ಬಡವರ ಮೇಲೇ, ಎಂದುಕೊಂಡಳು ಅವಳು. ಲಂಚವೇ, ಅನುಮಾನವೇ ಇಲ್ಲ.

ತೀರ್ಪು ಬಂತು. ಸಾಹೇಬರು ಗಂಟಲು ಸರಿಮಾಡಿಕೊಂಡು ಓದಿದರು: "ಕಿವಿ ಕೇಳದವನು ಜವಾಬ್ದಾರಿಯ ಕೆಲಸಕ್ಕೆ ತಕ್ಕವನಲ್ಲ. ಆ ಕೊರತೆಯನ್ನು ಮುಚ್ಚಿಟ್ಟು ಸಂಬಳ ಎಣಿಸಿಕೊಂಡದ್ದು, ತನ್ನನ್ನು ನಂಬಿದವರಿಗೆ ಬಗೆದ ದ್ರೋಹ. ಮೇಲ್ಮನವಿ ವಜಾ."

ಗಂಡ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನಿಂದ ತುಟಿ ಮುಚ್ಚಿಕೊಂಡಳು. ಅವನಿಗೆ ತಿಳಿಯಿತು.

ಕಾರಿಡಾರಿನಲ್ಲಿ ಅವಳು ಸಾಹೇಬರ ಬೆನ್ನು ಹತ್ತಿದಳು.

"ಸ್ವಾಮೀ, ನಿಲ್ಲಿ! ಏ ಸ್ವಾಮೀ! ಎಷ್ಟು ತಿಂದ್ರಿ?"

ಕಾರಿಡಾರೆಲ್ಲ ತಿರುಗಿ ನೋಡಿತು. ಸಾಹೇಬರು ಮಾತ್ರ ತಿರುಗಲಿಲ್ಲ, ಹೆಜ್ಜೆ ತಪ್ಪಲಿಲ್ಲ. "ಅಬ್ಬಾ, ಎಂಥ ಗಾಂಭೀರ್ಯ ಕಣಯ್ಯ!" ಎಂದ ಒಬ್ಬ ಕಿರಿಯ ವಕೀಲ.

ಅವಳು ಓಡಿಹೋಗಿ ಎದುರಿಗೇ ನಿಂತಳು. ಕಾವಲುಗಾರ ರಟ್ಟೆ ಹಿಡಿದ. ಅಲ್ಲಿಯವರೆಗಿನ ಸಿಟ್ಟೆಲ್ಲ ಗಂಟಲಲ್ಲಿ ಗಂಟಾಗಿ ಕೂತಿತು. ಅಳುತ್ತಲೇ ಬೇಡಿಕೊಂಡಳು:

"ನಾಳೆಯಿಂದ ನಾವು ಏನು ತಿನ್ನೋದು ಸ್ವಾಮಿ?"

ಸಾಹೇಬರು ಅವಳ ಮುಖವನ್ನೇ ಗಮನವಿಟ್ಟು ನೋಡಿದರು.

"ತಿನ್ನೋ ದಾರಿ ನೀವೇ ನೋಡ್ಕೊಳಮ್ಮ. ಕೋರ್ಟು ಊಟ ಬಡಿಸಲ್ಲ," ಎಂದು ಪಕ್ಕಕ್ಕೆ ಸರಿದು ನಡೆದರು.

ಕಾವಲುಗಾರನ ಕೈ ಸಡಿಲವಾಯಿತು. ಅವನು ಹೋಗುತ್ತಿದ್ದ ಸಾಹೇಬರನ್ನು ನೋಡಿದ, ಅವಳನ್ನು ನೋಡಿದ.

"ಅಲ್ಲಮ್ಮಾ, ನೀನು ದನೀನೇ ತೆಗೀಲಿಲ್ಲ, ಬರೀ ತುಟಿ ಆಡಿಸ್ದೆ. ಅವರು ಉತ್ತರ ಹೇಗೆ ಕೊಟ್ರು?"